39 ಅಂಕಿಯ ಬೀಗ, ಒಂದು ಸೊನ್ನೆಯ ಬಾಗಿಲು

ನಿಂಟೆಂಡೊ ಕಂಪನಿಯ ‘ವೀ’ ಗೇಮ್ ಕನ್ಸೋಲಿಗೆ ಹಾಕುವ ಒಂದು ಸಾಧಾರಣ ಡಿಸ್ಕಿನಲ್ಲಿ ಇರುವುದು 4,69,99,79,776 ಬೈಟ್. ಒಂದು ಬೈಟಿಗೆ ಎಂಟು ಬಿಟ್. ಬಿಟ್‌ಗಳ ಲೆಕ್ಕ ಹಿಡಿದರೆ 37,59,98,38,208 ಸೊನ್ನೆ ಮತ್ತು ಒಂದುಗಳು. ಊಟ ನಿದ್ದೆ ಬಿಟ್ಟು ಸೆಕೆಂಡಿಗೆ ಒಂದರಂತೆ ಎಣಿಸಿದರೂ ಮುಗಿಯಲು ಸುಮಾರು 1,191 ವರ್ಷ ಬೇಕು. ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ ಎಣಿಸಲು ಕೂತವರು ಈಗಷ್ಟೇ ಕೊನೆಯ ಬಿಟ್‌ಗೆ ಬಂದಿರುತ್ತಿದ್ದರು.

ಇಷ್ಟೂ ಅಡಗಿರುವುದು 12 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ. ವೀ ಡಿಸ್ಕಿನ ತಂತ್ರ ಡಿವಿಡಿಯದೇ. ಡಿವಿಡಿಯಲ್ಲಿ ಮಾಹಿತಿ ಒಂದೇ ಸುರುಳಿಯಾಗಿ ಒಳಗಿನಿಂದ ಹೊರಕ್ಕೆ ಸಾಗುತ್ತದೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವಿನ ಅಂತರ 0.74 ಮೈಕ್ರಾನ್, ಒಂದು ಮಿಲಿಮೀಟರಿನಲ್ಲಿ 1,350ಕ್ಕೂ ಹೆಚ್ಚು ಸುತ್ತು. ಈ ಸುರುಳಿಯನ್ನು ಬಿಚ್ಚಿ ನೇರವಾಗಿ ಎಳೆದರೆ ಉದ್ದ ಸುಮಾರು 11.8 ಕಿಲೋಮೀಟರ್.

ಈಗ ಅಂಗೈಯಲ್ಲಿ ಹಿಡಿಯುವಂಥ ಒಂದು ಟೆರಾಬೈಟಿನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ. ಒಂದು ಟೆರಾಬೈಟ್ ಎಂದರೆ ಒಂದು ಲಕ್ಷ ಕೋಟಿ ಬೈಟ್. ವೀ ಡಿಸ್ಕಿನ ಪೂರ್ಣ ಪ್ರತಿಗಳು ಅದರಲ್ಲಿ 212 ಹಿಡಿಸುತ್ತವೆ. 212 ಡಿಸ್ಕುಗಳ ಸುರುಳಿಯ ಉದ್ದ ಕೂಡಿಸಿದರೆ 2,500 ಕಿಲೋಮೀಟರ್. ಈ ಡ್ರೈವನ್ನು ವೀ ಹಿಂಬದಿಯ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿ, ಡಿಸ್ಕ್ ಹಾಕುವ ಸೀಳು ಖಾಲಿ ಇದ್ದರೂ ಗೇಮ್ ಆಡಬಹುದು. ಗೇಮಿಗೆ ತಾನು ಡಿಸ್ಕಿನಿಂದ ಓಡುತ್ತಿಲ್ಲ ಎಂಬುದು ಗೊತ್ತೂ ಆಗುವುದಿಲ್ಲ.

ಕಂಪನಿ ಇದಕ್ಕೆ ಅವಕಾಶ ಕೊಟ್ಟಿರಲಿಲ್ಲ. ಇದನ್ನು ಸಾಧಿಸಿದವರು ಸಂಬಳವಿಲ್ಲದೆ, ತಮ್ಮ ಆಸಕ್ತಿಗೆ ತಂತ್ರಾಂಶ ಬರೆಯುವ ಹೋಂಬ್ರೂ ಹವ್ಯಾಸಿಗಳು. ಅವರ ಎದುರಿಗಿದ್ದ ಸಂಖ್ಯೆಗಳು ವಿಶ್ವದ ವಯಸ್ಸನ್ನೂ ಸಣ್ಣದು ಮಾಡುವಂಥವು. ಅವರು ಒಳಹೊಕ್ಕ ಸಂಧಿ ಒಂದೇ ಒಂದು ಬೈಟಿನಷ್ಟಿತ್ತು.

ಹತ್ತು ಕೋಟಿ ಪೆಟ್ಟಿಗೆಗಳು

ವೀ ಮೊದಲು ಮಾರಾಟಕ್ಕೆ ಬಂದದ್ದು 2006ರ ನವೆಂಬರ್ 19ರಂದು, ಉತ್ತರ ಅಮೆರಿಕದಲ್ಲಿ. ಬೆಲೆ 249.99 ಡಾಲರ್. ಒಟ್ಟು ಮಾರಾಟ 10 ಕೋಟಿ 16 ಲಕ್ಷ ದಾಟಿತು. ಒಂದು ಪೆಟ್ಟಿಗೆಯ ಉದ್ದ 215.4 ಮಿಲಿಮೀಟರ್. ಮಾರಾಟವಾದವನ್ನೆಲ್ಲ ಒಂದರ ಹಿಂದೊಂದು ಜೋಡಿಸಿದರೆ ಸುಮಾರು 21,890 ಕಿಲೋಮೀಟರ್ ಉದ್ದದ ಸಾಲು. ಭೂಮಿಯ ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು. ‘ವೀ ಸ್ಪೋರ್ಟ್ಸ್’ ಎಂಬ ಒಂದೇ ಗೇಮ್ ತಲುಪಿದ ಪ್ರತಿಗಳು 8 ಕೋಟಿ 29 ಲಕ್ಷ.

ಪೆಟ್ಟಿಗೆಯೊಳಗಿನ ಅಳತೆಗಳು ಇಂದಿನ ಕಣ್ಣಿಗೆ ಬಡತನದವು. ಮುಖ್ಯ ಪ್ರೊಸೆಸರಿನ ವೇಗ 729 ಮೆಗಾಹರ್ಟ್ಸ್. ಕೆಲಸದ ಮೆಮೊರಿ 24 ಮತ್ತು 64 ಸೇರಿ 88 ಎಂಬಿ. ಒಳಗಿನ ಶಾಶ್ವತ ಸಂಗ್ರಹ ಬರೇ 512 ಎಂಬಿ. ಒಂದು ಡಿಸ್ಕಿನಲ್ಲಿರುವ ಮಾಹಿತಿ ಈ ಸಂಗ್ರಹದ ಎಂಟೂಮುಕ್ಕಾಲು ಪಟ್ಟು, ಕೆಲಸದ ಮೆಮೊರಿಯ 51 ಪಟ್ಟು. ಹಾಗಾಗಿ ಗೇಮ್ ನಡೆಯುವಷ್ಟು ಹೊತ್ತೂ ಡಿಸ್ಕಿನಿಂದ ತುಂಡು ತುಂಡಾಗಿ ಓದುತ್ತಲೇ ಇರಬೇಕು. ಓದುವ ಲೇಸರ್ ಭಾಗ ಸವೆಯುವುದು ಇದರಿಂದಲೇ. ಒಂದು ಟಿಬಿ ಡ್ರೈವಿನಲ್ಲಿ ಇಂಥ 512 ಎಂಬಿ ಸಂಗ್ರಹಗಳು 1,862 ಹಿಡಿಸುತ್ತವೆ ಎಂದರೆ, ಹೊರಗಿನಿಂದ ಸಿಕ್ಕಿಸಿದ ವಸ್ತು ಒಳಗಿನದಕ್ಕಿಂತ ಎಷ್ಟು ದೊಡ್ಡದು ಎಂಬುದು ತಿಳಿಯುತ್ತದೆ.

ಮುಖ್ಯ ಪ್ರೊಸೆಸರಿನ ಜೊತೆಗೆ ಗ್ರಾಫಿಕ್ಸ್ ಚಿಪ್ಪಿನೊಳಗೆ ಇನ್ನೊಂದು ಪುಟ್ಟ ಪ್ರೊಸೆಸರ್ ಕೂತಿದೆ. ಅದರ ವೇಗ 243 ಮೆಗಾಹರ್ಟ್ಸ್, ಮುಖ್ಯ ಪ್ರೊಸೆಸರಿನ ಸರಿಯಾಗಿ ಮೂರನೇ ಒಂದು ಪಾಲು. ಹವ್ಯಾಸಿಗಳು ಅದಕ್ಕೆ ಇಟ್ಟ ಹೆಸರು ‘ಸ್ಟಾರ್ಲೆಟ್’. ಡಿಸ್ಕ್ ಓದಿಸುವುದು, ಯುಎಸ್‌ಬಿ ನೋಡಿಕೊಳ್ಳುವುದು, ಸಹಿ ಪರೀಕ್ಷಿಸುವುದು, ಗೂಢಲಿಪಿ ಬಿಡಿಸುವುದು ಎಲ್ಲ ಇದರ ಸುಪರ್ದಿಯಲ್ಲಿ. ಗೇಮ್ ಓಡುವುದು ದೊಡ್ಡದರಲ್ಲಿ. ಯಾವ ಗೇಮ್ ಓಡಬೇಕು ಎಂದು ತೀರ್ಮಾನಿಸುವುದು ಚಿಕ್ಕದು. ಅದರಲ್ಲಿ ಓಡುವ ವ್ಯವಸ್ಥೆಯ ಹೆಸರು ಐಓಎಸ್. ಆಪಲ್ ಫೋನಿನ ಐಓಎಸ್‌ಗೂ ಇದಕ್ಕೂ ಸಂಬಂಧವಿಲ್ಲ.

ಹದಿನಾರು ಬೈಟಿನ ಕೀಲಿ

ವೀ ಡಿಸ್ಕನ್ನು ಯಂತ್ರ ನೋಡುವುದು 32 ಕೆಬಿಯ ತುಂಡುಗಳಾಗಿ. ಒಂದು ಪದರದ ಡಿಸ್ಕಿನಲ್ಲಿ ಇಂಥ 1,43,432 ತುಂಡು. ಎರಡು ಪದರದ್ದರಲ್ಲಿ 2,59,740. ಗೇಮ್ ಇರುವ ಭಾಗದಲ್ಲಿ ಪ್ರತಿ ತುಂಡಿನ 31 ಕೆಬಿ ಮಾತ್ರ ಗೇಮಿಗೆ. ಉಳಿದ ಒಂದು ಕೆಬಿ, ಯಾರೂ ತಿದ್ದಿಲ್ಲವೆಂದು ಖಾತ್ರಿ ಮಾಡುವ ಹ್ಯಾಶ್ ಅಂಕಿಗಳಿಗೆ. ಅಂದರೆ 32ರಲ್ಲಿ ಒಂದು ಪಾಲು ಬರೇ ಕಾವಲಿಗೆ. ಇಡೀ ತುಂಡು ಎಇಎಸ್ ಎಂಬ ಗೂಢಲಿಪಿಯಲ್ಲಿ ಮುಚ್ಚಿಟ್ಟಿದ್ದು.

ಅದನ್ನು ತೆರೆಯುವ ಕೀಲಿಯ ಉದ್ದ 128 ಬಿಟ್, ಎಂದರೆ 16 ಬೈಟ್. ‘ಕನ್ನಡ’ ಎಂಬ ಪದವನ್ನು ಕಂಪ್ಯೂಟರಿನಲ್ಲಿ ಯುಟಿಎಫ್-8 ಕ್ರಮದಲ್ಲಿ ಇಟ್ಟರೆ 15 ಬೈಟ್ ಆಗುತ್ತದೆ. ಕೀಲಿ ಅದಕ್ಕಿಂತ ಒಂದು ಬೈಟ್ ಮಾತ್ರ ಉದ್ದ. ಆದರೆ 128 ಬಿಟ್‌ನಲ್ಲಿ ಸಾಧ್ಯವಿರುವ ಕೀಲಿಗಳು ಎಷ್ಟು ಎಂದರೆ

34,02,82,36,69,20,93,84,63,46,33,74,60,74,31,76,82,11,456.

ಮೂವತ್ತೊಂಬತ್ತು ಅಂಕಿ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೀಲಿ ಪ್ರಯತ್ನಿಸುವ ಯಂತ್ರವಿದ್ದರೂ ಎಲ್ಲವನ್ನೂ ನೋಡಿ ಮುಗಿಸಲು ಒಂದು ಲಕ್ಷ ಕೋಟಿ ಕೋಟಿ ವರ್ಷಕ್ಕೂ ಹೆಚ್ಚು ಬೇಕು. ವಿಶ್ವಕ್ಕೆ ಈಗ ಆಗಿರುವ ವಯಸ್ಸು 1,380 ಕೋಟಿ ವರ್ಷ. ಆ ವಯಸ್ಸು ಸುಮಾರು 78 ಕೋಟಿ ಸಲ ಕಳೆಯಬೇಕು.

ಡಿಸ್ಕಿಗೊಂದು ಬೇರೆ ಕೀಲಿ ಇರುತ್ತದೆ, ಆ ಕೀಲಿಯನ್ನೂ ಇನ್ನೊಂದು ಮೂಲ ಕೀಲಿಯಿಂದ ಮುಚ್ಚಿರುತ್ತಾರೆ. ಕೊರಿಯಾಕ್ಕಾಗಿ ತಯಾರಿಸಿದವನ್ನು ಬಿಟ್ಟರೆ, ಜಗತ್ತಿನ ವೀ ಯಂತ್ರಗಳಿಗೆಲ್ಲ ಆ ಮೂಲ ಕೀಲಿ ಒಂದೇ. ಕೋಟಿಗಟ್ಟಲೆ ಯಂತ್ರ, ಹದಿನಾರು ಬೈಟ್.

ಚಿಮುಟದ ತುದಿ

ಈ ಕೀಲಿಯನ್ನು ಊಹಿಸಲು ಯಾರೂ ಹೋಗಲಿಲ್ಲ. ವೀ ಯಂತ್ರ ಅದರ ಹಿಂದಿನ ತಲೆಮಾರಿನ ಗೇಮ್‌ಕ್ಯೂಬ್ ಡಿಸ್ಕುಗಳನ್ನೂ ಓಡಿಸುತ್ತಿತ್ತು. ಹಾಗೆ ಓಡಿಸುವಾಗ 64 ಎಂಬಿ ಮೆಮೊರಿಯಲ್ಲಿ 16 ಎಂಬಿಯನ್ನು ಮಾತ್ರ ಹಳೆಯ ಗೇಮಿಗೆ ಬಿಟ್ಟುಕೊಡುತ್ತಿತ್ತು. ಉಳಿದ 48 ಎಂಬಿ ಕಣ್ಣಿಗೆ ಬೀಳದಿದ್ದರೂ ಅದನ್ನು ಅಳಿಸಿರಲಿಲ್ಲ. ಸ್ಟಾರ್ಲೆಟ್ ಬಳಸಿದ ಕೀಲಿಗಳು ಅಲ್ಲಿಯೇ ಉಳಿದಿದ್ದವು.

ಹವ್ಯಾಸಿಗಳ ಒಂದು ಗುಂಪು ಸರ್ಕ್ಯೂಟ್ ಬೋರ್ಡಿನ ಮೇಲೆ ಮೆಮೊರಿಯ ವಿಳಾಸ ಸಾಗಿಸುವ ಬಿಂದುಗಳನ್ನು ಲೋಹದ ಚಿಮುಟದಿಂದ ಮುಟ್ಟಿ ಒಂದಕ್ಕೊಂದು ಸೇರಿಸಿತು. ವಿಳಾಸ ಬದಲಾಯಿತು, 16 ಎಂಬಿಯ ಕಿಟಕಿಯಲ್ಲಿ ಬೇರೆ ಭಾಗ ಕಾಣಿಸಿತು. ಹೀಗೆ ಬಿಂದು ಬದಲಿಸುತ್ತ ಹೋಗಿ ಮರೆಯಲ್ಲಿದ್ದ ಮೆಮೊರಿಯನ್ನು ಓದಿಕೊಂಡರು. ವಿಶ್ವದ ವಯಸ್ಸಿನ 78 ಕೋಟಿ ಪಟ್ಟು ಕಾಲ ಬೇಡುವ ಹುಡುಕಾಟ ಒಂದು ಚಿಮುಟದ ಮುಂದೆ ಅನಗತ್ಯವಾಯಿತು. ಆ ಉಪಕರಣದ ಹೆಸರೇ ಗುಂಪಿಗೂ ಅಂಟಿತು: ‘ಟೀಮ್ ಟ್ವೀಜರ್ಸ್’. 2007ರ ಡಿಸೆಂಬರಿನಲ್ಲಿ ಬರ್ಲಿನ್‌ನಲ್ಲಿ ನಡೆದ ಕೇಯಾಸ್ ಕಮ್ಯೂನಿಕೇಷನ್ ಕಾಂಗ್ರೆಸ್‌ನಲ್ಲಿ, ಹೊರಗಿನವರು ಬರೆದ ತಂತ್ರಾಂಶ ವೀಯ ಪೂರ್ಣ ಸಾಮರ್ಥ್ಯದಲ್ಲಿ ಓಡುವುದನ್ನು ಜನ ಮೊದಲ ಸಲ ನೋಡಿದರು. ಯಂತ್ರ ಮಾರುಕಟ್ಟೆಗೆ ಬಂದು ಆಗಿದ್ದದ್ದು 13 ತಿಂಗಳು.

ಆದರೆ ಎಲ್ಲರೂ ಪೆಟ್ಟಿಗೆ ಬಿಚ್ಚಿ ಚಿಮುಟ ಹಿಡಿಯಲಾರರು. ಮನೆಯಲ್ಲಿ ಕೂತವರಿಗೆ ದಾರಿ ತೆರೆದದ್ದು ಒಂದು ಕುದುರೆ. ‘ದ ಲೆಜೆಂಡ್ ಆಫ್ ಜೆಲ್ಡಾ: ಟ್ವೈಲೈಟ್ ಪ್ರಿನ್ಸೆಸ್’ ಗೇಮಿನಲ್ಲಿ ನಾಯಕನ ಕುದುರೆ ಎಪೋನಾ. ಅದಕ್ಕೆ ಆಟಗಾರರು ಬೇರೆ ಹೆಸರಿಡಬಹುದು. ಆ ಹೆಸರಿಗೆ ಮೆಮೊರಿಯಲ್ಲಿ ಕೆಲವೇ ಅಕ್ಷರಗಳ ಜಾಗ. ಸೇವ್ ಫೈಲಿನಿಂದ ಹೆಸರು ಓದುವಾಗ ಅದು ಆ ಜಾಗಕ್ಕೆ ಹಿಡಿಸುತ್ತದೆಯೇ ಎಂದು ಗೇಮ್ ನೋಡುತ್ತಿರಲಿಲ್ಲ. ಹವ್ಯಾಸಿಗಳು ಮಿತಿ ಮೀರಿದ ಉದ್ದದ ಹೆಸರಿರುವ ಸೇವ್ ಫೈಲ್ ತಯಾರಿಸಿದರು. ಹೆಸರು ತನ್ನ ಜಾಗ ದಾಟಿ ಪಕ್ಕದ ಮೆಮೊರಿಗೆ ಹರಿಯಿತು, ಪ್ರೊಸೆಸರ್ ಮುಂದೆ ಎಲ್ಲಿಗೆ ಹೋಗಬೇಕು ಎಂಬ ಸೂಚನೆಯ ಮೇಲೆ ಬಿತ್ತು. ಅಲ್ಲಿಂದ ಮುಂದೆ ಓಡಿದ್ದು ಹವ್ಯಾಸಿಗಳ ತಂತ್ರಾಂಶ. ಇದು 2008ರ ಫೆಬ್ರವರಿಯ ‘ಟ್ವೈಲೈಟ್ ಹ್ಯಾಕ್’.

256ರಲ್ಲಿ ಒಂದು

ಈಗ ಈ ಕಥೆಯ ಅತಿ ದೊಡ್ಡ ಕುಸಿತ. ಯಂತ್ರದೊಳಗೆ ಒಂದು ತಂತ್ರಾಂಶವನ್ನು ಶಾಶ್ವತವಾಗಿ ಕೂರಿಸಬೇಕಾದರೆ ಅದಕ್ಕೆ ಕಂಪನಿಯ ಸಹಿ ಇರಬೇಕು. ಸಹಿಯ ಹಿಂದಿರುವುದು 2,048 ಬಿಟ್‌ನ ಆರ್‌ಎಸ್‌ಎ ಗಣಿತ. ಅಷ್ಟು ಬಿಟ್‌ನ ಸಂಖ್ಯೆಯನ್ನು ಬರೆದರೆ 617 ಅಂಕಿವರೆಗೆ ಹೋಗುತ್ತದೆ. ಅದನ್ನು ನೇರವಾಗಿ ಒಡೆದವರು ಇಂದಿಗೂ ಇಲ್ಲ.

ಪರೀಕ್ಷೆ ನಡೆಯುವುದು ಹೀಗೆ. ತಂತ್ರಾಂಶದ ಬೈಟುಗಳಿಂದ ಎಸ್‌ಎಚ್‌ಎ-1 ಎಂಬ ಲೆಕ್ಕದ ಮೂಲಕ 20 ಬೈಟಿನ ಹ್ಯಾಶ್ ಬರುತ್ತದೆ. ಸಾಧ್ಯವಿರುವ ಹ್ಯಾಶ್‌ಗಳ ಸಂಖ್ಯೆ 49 ಅಂಕಿಯದು. ಕಂಪನಿ ಈ ಹ್ಯಾಶನ್ನು ತನ್ನ ಗುಪ್ತ ಸಂಖ್ಯೆಯಿಂದ ಸಹಿಯಾಗಿ ಮಾರ್ಪಡಿಸುತ್ತದೆ. ಯಂತ್ರ ಸಹಿಯನ್ನು ಬಿಡಿಸಿ ಒಳಗಿನ ಹ್ಯಾಶ್ ತೆಗೆಯುತ್ತದೆ, ತಾನೂ ಒಂದು ಹ್ಯಾಶ್ ಲೆಕ್ಕ ಹಾಕುತ್ತದೆ, ಎರಡನ್ನೂ ಹೋಲಿಸುತ್ತದೆ. ಇಪ್ಪತ್ತೂ ಬೈಟ್ ಹೊಂದಿದರೆ ಒಳಗೆ ಪ್ರವೇಶ.

ಹೋಲಿಸುವ ಆ ಒಂದು ಸಾಲಿನಲ್ಲಿ ತಪ್ಪಿತ್ತು. ಸಿ ಭಾಷೆಯಲ್ಲಿ ಬೈಟುಗಳನ್ನು ಹೋಲಿಸಲು ಒಂದು ಆಜ್ಞೆ, ಪಠ್ಯವನ್ನು ಹೋಲಿಸಲು ಇನ್ನೊಂದು. ಸಿ ಭಾಷೆಯ ಕ್ರಮದಲ್ಲಿ ಪಠ್ಯ ಮುಗಿಯಿತು ಎಂಬುದರ ಗುರುತು ಸೊನ್ನೆ ಬೆಲೆಯ ಬೈಟ್. ಹಾಗಾಗಿ ಪಠ್ಯ ಹೋಲಿಸುವ ಆಜ್ಞೆಗೆ ಎರಡೂ ಕಡೆ ಸೊನ್ನೆ ಸಿಕ್ಕ ಕೂಡಲೇ ಅದು ನಿಲ್ಲುತ್ತದೆ, ಅಲ್ಲಿಯವರೆಗೆ ಹೊಂದಿದ್ದರೆ ಸಮ ಎಂದು ವರದಿ ಕೊಡುತ್ತದೆ. ವೀಯೊಳಗೆ ಹ್ಯಾಶ್ ಹೋಲಿಸಲು ಬಳಸಿದ್ದು ಈ ಪಠ್ಯದ ಆಜ್ಞೆ. ಎರಡೂ ಹ್ಯಾಶ್‌ಗಳ ಮೊದಲ ಬೈಟೇ ಸೊನ್ನೆಯಾಗಿದ್ದರೆ ಉಳಿದ ಹತ್ತೊಂಬತ್ತನ್ನು ಅದು ನೋಡುವುದೇ ಇಲ್ಲ.

ಮುಂದಿನದು ಸರಳ. ಸಹಿಯ ಜಾಗದಲ್ಲಿ ಬರೇ ಸೊನ್ನೆ ತುಂಬಿ. ಆರ್‌ಎಸ್‌ಎ ಗಣಿತದಲ್ಲಿ ಸೊನ್ನೆಯನ್ನು ಎಷ್ಟು ಘಾತಕ್ಕೆ ಏರಿಸಿದರೂ ಬರುವುದು ಸೊನ್ನೆ. ಹಾಗಾಗಿ ಸಹಿಯಿಂದ ಹೊರಬರುವ ಹ್ಯಾಶ್ ಪೂರ್ತಿ ಸೊನ್ನೆ. ಇನ್ನು ತಂತ್ರಾಂಶದ ಹ್ಯಾಶ್ ಸೊನ್ನೆಯಿಂದ ಶುರುವಾದರೆ ಸಾಕು. ಒಂದು ಬೈಟಿಗೆ ಇರುವ ಬೆಲೆಗಳು 256. ಉಪಯೋಗವಿಲ್ಲದ ಒಂದು ಮೂಲೆಯಲ್ಲಿ ಒಂದು ಅಂಕಿಯನ್ನು ಬದಲಿಸುತ್ತ ಹೋಗಿ ಪ್ರತಿ ಸಲ ಹ್ಯಾಶ್ ಲೆಕ್ಕ ಹಾಕಿದರೆ ಸರಾಸರಿ 256 ಪ್ರಯತ್ನಗಳಲ್ಲಿ ಬೇಕಾದದ್ದು ಸಿಗುತ್ತದೆ. ಸಾಧಾರಣ ಕಂಪ್ಯೂಟರಿಗೆ ಇದು ಒಂದು ಸೆಕೆಂಡಿನ ಕೆಲಸವೂ ಅಲ್ಲ. ಇದಕ್ಕೆ ಹವ್ಯಾಸಿಗಳ ಲೋಕದಲ್ಲಿ ನಿಂತ ಹೆಸರು ‘ಟ್ರುಚಾ ಬಗ್’.

ಈ 256ರ ಬೆಲೆ ತಿಳಿಯಬೇಕಾದರೆ ಇನ್ನೊಂದು ಸಂಖ್ಯೆಯನ್ನು ಪಕ್ಕದಲ್ಲಿಡಬೇಕು. 2017ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧನಾ ಕೇಂದ್ರದವರು ಒಂದೇ ಎಸ್‌ಎಚ್‌ಎ-1 ಹ್ಯಾಶ್ ಬರುವ ಎರಡು ಬೇರೆ ಫೈಲುಗಳನ್ನು ಮೊದಲ ಸಲ ತೋರಿಸಿದರು. ಅದಕ್ಕೆ ಹಿಡಿದ ಲೆಕ್ಕಗಳು 92,23,37,20,36,85,47,75,808ರ ಆಸುಪಾಸು. ಒಂದೇ ಗ್ರಾಫಿಕ್ಸ್ ಚಿಪ್ಪಿಗೆ ವಹಿಸಿದ್ದರೆ ಕೊನೆಯ ಹಂತಕ್ಕೇ 110 ವರ್ಷ. ಇದು ಎಸ್‌ಎಚ್‌ಎ-1ರ ಗಣಿತವನ್ನು ಎದುರಿನಿಂದ ಎದುರಿಸಿದ ಬೆಲೆ. ವೀಯಲ್ಲಿ ಅದೇ ಎಸ್‌ಎಚ್‌ಎ-1 ಸೋತದ್ದು 256 ಲೆಕ್ಕಕ್ಕೆ. ಇದಕ್ಕೆ ಕಾರಣ ಗಣಿತದ ದೋಷವಲ್ಲ. ಅದರ ಉತ್ತರವನ್ನು ಓದಿದ ಸಾಲು ಅರ್ಧಕ್ಕೆ ನಿಂತಿತ್ತು.

ಕಂಪನಿ ಹೊಸ ಆವೃತ್ತಿಗಳಲ್ಲಿ ಈ ತಪ್ಪನ್ನು ಸರಿಪಡಿಸಿತು. ಆದರೆ ಯಂತ್ರ ಏಳುವಾಗ ಓಡುವ ‘ಬೂಟ್1’ ಎಂಬ ಆರಂಭದ ಹಂತದಲ್ಲಿಯೂ ಇದೇ ತಪ್ಪು ಸೇರಿಕೊಂಡಿತ್ತು. ಆ ಹಂತದ ಹ್ಯಾಶನ್ನು ಕಾರ್ಖಾನೆಯಲ್ಲಿ ಒಮ್ಮೆ ಮಾತ್ರ ಬರೆಯಬಲ್ಲ ಮೆಮೊರಿಯಲ್ಲಿ ಅಚ್ಚೊತ್ತಿದ್ದರಿಂದ, ಮೊದಮೊದಲು ಮಾರಾಟವಾದ ಯಂತ್ರಗಳಲ್ಲಿ ಅದನ್ನು ಬದಲಿಸಲು ತಯಾರಕರಿಗೂ ಸಾಧ್ಯವಿರಲಿಲ್ಲ. ಯಾರೂ ಮುಟ್ಟಬಾರದು ಎಂದು ಮಾಡಿದ ಏರ್ಪಾಟು ದುರಸ್ತಿಯನ್ನೂ ತಡೆಯಿತು. ವೀಯ ಕೊನೆಯ ಆವೃತ್ತಿ 4.3 ಬಂದದ್ದು 2010ರ ಜೂನ್‌ನಲ್ಲಿ. ಯಂತ್ರದ ಸಂದೇಶ ಫಲಕದಲ್ಲಿ ಒಂದು ಪತ್ರ ತೆರೆದು ಒಳಹೋಗುವ ‘ಲೆಟರ್‌ಬಾಂಬ್’ 2011ರಲ್ಲಿ ಬಂತು. ಅದನ್ನು ಮುಚ್ಚುವ ಆವೃತ್ತಿ ಮತ್ತೆ ಬರಲಿಲ್ಲ.

ಡ್ರೈವ್ ಡಿಸ್ಕಾದ ಬಗೆ

2009ರಲ್ಲಿ ಹವ್ಯಾಸಿಗಳು ಮೊದಲ ಯುಎಸ್‌ಬಿ ಲೋಡರ್ ತಂದರು. ಅದರ ಉಪಾಯ ಸ್ಟಾರ್ಲೆಟ್ ಮೇಲಿತ್ತು. ಗೇಮ್ ಎಂದೂ ಡಿಸ್ಕನ್ನು ತಾನೇ ಮುಟ್ಟುವುದಿಲ್ಲ. “ಇಂಥ ಜಾಗದಿಂದ ಇಷ್ಟು ಬೈಟ್ ಕೊಡು” ಎಂದು ಸ್ಟಾರ್ಲೆಟ್‌ನಲ್ಲಿರುವ ಐಓಎಸ್‌ಗೆ ಕೇಳುತ್ತದೆ. ಐಓಎಸ್‌ನ ಒಂದು ತಿದ್ದಿದ ಪ್ರತಿಯನ್ನು 249ನೇ ಸಂಖ್ಯೆಯ ಖಾಲಿ ಜಾಗದಲ್ಲಿ ಕೂರಿಸಿದರು. ಬಂದ ಕೋರಿಕೆಯನ್ನು ಅದು ಡಿಸ್ಕ್ ಡ್ರೈವಿಗೆ ಕಳಿಸದೆ ಯುಎಸ್‌ಬಿಗೆ ತಿರುಗಿಸುತ್ತದೆ. ಉತ್ತರವಾಗಿ ಬರುವ ಬೈಟುಗಳು ಅವೇ ಆದ್ದರಿಂದ ಗೇಮಿಗೆ ಅನುಮಾನಕ್ಕೆ ಕಾರಣವಿಲ್ಲ. ಯುಎಸ್‌ಬಿ 2.0 ಸೆಕೆಂಡಿಗೆ 480 ಮೆಗಾಬಿಟ್‌ವರೆಗೆ ಸಾಗಿಸಬಲ್ಲದು. ಗೇಮಿನ ಅವಸರಕ್ಕೆ ಅದು ಧಾರಾಳ.

ಅಡ್ಡಿ ಬಂದದ್ದು ಇನ್ನೊಂದು ಸಂಖ್ಯೆಯಿಂದ: 4,29,49,67,296. ಇದು 2ರ 32ನೇ ಘಾತ, 32 ಬಿಟ್‌ನಲ್ಲಿ ಎಣಿಸಬಹುದಾದ ಗಡಿ. ವೀ ಡಿಸ್ಕಿನ 4,69,99,79,776 ಈ ಗಡಿಯಿಂದ 40 ಕೋಟಿ ಬೈಟ್ ಹೊರಗಿದೆ. ಕಂಪನಿಯ ಎಂಜಿನಿಯರುಗಳು ಇದನ್ನು ದಾಟಲು ಡಿಸ್ಕಿನ ವಿಳಾಸಗಳನ್ನು ನಾಲ್ಕು ನಾಲ್ಕು ಬೈಟಿನ ಲೆಕ್ಕದಲ್ಲಿ ಇಟ್ಟಿದ್ದರು. ಹಾರ್ಡ್ ಡಿಸ್ಕಿನ ಎಫ್‌ಎಟಿ32 ಕ್ರಮಕ್ಕೂ ಇದೇ ಗಡಿ. ಇದಕ್ಕಿಂತ ದೊಡ್ಡ ಫೈಲನ್ನು ಅದು ಒಪ್ಪುವುದಿಲ್ಲ. ಹವ್ಯಾಸಿಗಳು ಫೈಲನ್ನು ಎರಡು ತುಂಡು ಮಾಡಿದರು, ಲೋಡರ್ ಓದುವಾಗ ಜೋಡಿಸಿಕೊಂಡಿತು. ಒಂದೇ ಗೋಡೆಯನ್ನು ಕಟ್ಟಿದವರೂ ಬಿಡಿಸಿದವರೂ ಬೇರೆ ಬೇರೆ ಕಡೆಯಿಂದ ದಾಟಿದ್ದು ಹೀಗೆ.

ಆಮೇಲೆ ಗೊತ್ತಾದದ್ದು ಇನ್ನೂ ಸೋಜಿಗದ್ದು. ಗೇಮ್ ಎಷ್ಟೇ ಚಿಕ್ಕದಿರಲಿ, ಡಿಸ್ಕ್ ಪೂರ್ತಿ ತುಂಬಿರುತ್ತದೆ. ಗೇಮಿಗೆ ಬೇಡವಾದ ಜಾಗದಲ್ಲೆಲ್ಲ ಕಾರ್ಖಾನೆಯಲ್ಲಿ ಸುಳ್ಳು ಅಂಕಿಗಳನ್ನು ಸುರಿದಿರುತ್ತಾರೆ. ಕೆಲವು ಗೇಮುಗಳ ನಿಜವಾದ ಮಾಹಿತಿ ಕೆಲವು ನೂರು ಎಂಬಿ ಮಾತ್ರ. ಉಳಿದ ನಾಲ್ಕು ಜಿಬಿಯಷ್ಟು ಕಸ. ಗೂಢಲಿಪಿಯಲ್ಲಿ ಮುಚ್ಚಿರುವವರೆಗೆ ಕಸವೂ ಗೇಮೂ ಒಂದೇ ರೀತಿ ಕಾಣುತ್ತವೆ, ಯಾವ ಜಿಪ್ ತಂತ್ರಾಂಶಕ್ಕೂ ಕುಗ್ಗುವುದಿಲ್ಲ. ಚಿಮುಟ ಹೊರತೆಗೆದ ಆ 16 ಬೈಟ್ ಕೈಯಲ್ಲಿದ್ದರೆ ಒಳಗಿನ ಫೈಲುಗಳ ಪಟ್ಟಿ ಓದಬಹುದು, ಬೇಕಾದದ್ದನ್ನಷ್ಟೇ ಉಳಿಸಿಕೊಳ್ಳಬಹುದು. ‘ಡಬ್ಲ್ಯುಬಿಎಫ್‌ಎಸ್’ ಎಂಬ ಕ್ರಮ ಮಾಡುವುದು ಇದನ್ನೇ. ಆಗ ಒಂದು ಟಿಬಿಯಲ್ಲಿ ಹಿಡಿಸುವ ಗೇಮುಗಳು 212ಕ್ಕೆ ನಿಲ್ಲುವುದಿಲ್ಲ.

ಕಸವನ್ನೂ ಕಳೆದುಕೊಳ್ಳಬಾರದು, ಡಿಸ್ಕ್ ಇದ್ದಂತೆಯೇ ಉಳಿಯಬೇಕು ಎನ್ನುವವರಿಗೂ ದಾರಿ ಸಿಕ್ಕಿತು. ಆ ಅಂಕಿಗಳು ಒಂದು ಸೂತ್ರದಿಂದ ಹುಟ್ಟಿದವು. ವೀ ಗೇಮನ್ನು ಕಂಪ್ಯೂಟರಿನಲ್ಲಿ ಆಡಿಸುವ ಡಾಲ್ಫಿನ್ ಎಮ್ಯುಲೇಟರ್ ತಂದ ‘ಆರ್‌ವಿಜಡ್’ ಕ್ರಮ ಕಸದ ಒಂದು ತುಂಡಿನ ಬದಲು 68 ಬೈಟಿನ ಬೀಜವನ್ನು ಮಾತ್ರ ಇಟ್ಟುಕೊಳ್ಳುತ್ತದೆ, ಬೇಕಾದಾಗ ಅದರಿಂದ ಅದೇ ಅಂಕಿಗಳನ್ನು ಮತ್ತೆ ಹುಟ್ಟಿಸುತ್ತದೆ. ಒಂದು ಬಿಟ್ ಕೂಡ ಆಚೀಚೆ ಆಗದಂತೆ.

ಎರಡು ಎಂಬಿಯ ನಟನೆ

ಇದೇ ಸಾಹಸವನ್ನು ಇನ್ನೂ ಇಕ್ಕಟ್ಟಿನಲ್ಲಿ ಮಾಡಿದ್ದು ಸೋನಿಯ ಪ್ಲೇಸ್ಟೇಷನ್ 2ರ ಹವ್ಯಾಸಿಗಳು. 2000ದ ಮಾರ್ಚ್ 4ರಂದು ಜಪಾನಿನಲ್ಲಿ ಬಂದ ಈ ಯಂತ್ರ 16 ಕೋಟಿ ಮಾರಾಟವಾಯಿತು. ಅದರಲ್ಲಿಯೂ ಡಿಸ್ಕ್ ನೋಡಿಕೊಳ್ಳಲು ಪ್ರತ್ಯೇಕ ಪುಟ್ಟ ಪ್ರೊಸೆಸರ್ ಇದೆ. ಅದರ ಮೆಮೊರಿ 2 ಎಂಬಿ. ಆ ಎರಡು ಎಂಬಿಯಲ್ಲಿ ಗೇಮಿನ ಸ್ವಂತ ಸಾಮಾನೂ ಇರಬೇಕು. ಉಳಿದ ಚೂರು ಜಾಗದಲ್ಲಿ ‘ಓಪನ್ ಪಿಎಸ್2 ಲೋಡರ್’ ಕೂತು, ತನ್ನ ಜಾಗದ ಎರಡು ಸಾವಿರ ಪಟ್ಟಿಗೂ ದೊಡ್ಡದಾದ ಡಿವಿಡಿಯ ಪಾತ್ರ ವಹಿಸಬೇಕು.

ಅಲ್ಲಿ ಯುಎಸ್‌ಬಿ ಕೂಡ ಹಳೆಯದು, 1.1. ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್, ಎಂದರೆ ಒಂದೂವರೆ ಎಂಬಿ. ಅದೇ ಯಂತ್ರದ ಡಿವಿಡಿ ಡ್ರೈವ್ ಸೆಕೆಂಡಿಗೆ ಐದು ಎಂಬಿಗಿಂತ ಹೆಚ್ಚು ಓದುತ್ತದೆ. ಆದ್ದರಿಂದ ಆಧುನಿಕ ಡ್ರೈವ್ ಎಷ್ಟೇ ಚುರುಕಾಗಿರಲಿ, ಯುಎಸ್‌ಬಿಯಿಂದ ಆಡಿದರೆ ಕಥೆಯ ವಿಡಿಯೊ ಬಂದಲ್ಲಿ ಚಿತ್ರ ತಡವರಿಸುತ್ತದೆ. ಪರಿಹಾರವಾಗಿ ಒಳಗಿನ ಹಾರ್ಡ್ ಡಿಸ್ಕ್ ಕಿಂಡಿ, ನೆಟ್‌ವರ್ಕ್ ಕೇಬಲ್, ಕೊನೆಗೆ ಮೆಮೊರಿ ಕಾರ್ಡಿನ ಕಿಂಡಿಗೇ ಎಸ್‌ಡಿ ಕಾರ್ಡ್ ಸಿಕ್ಕಿಸುವ ಅಡಾಪ್ಟರ್ ಬಂದವು. ಯಂತ್ರಕ್ಕೆ 20 ವರ್ಷ ತುಂಬಿದ ಮೇಲೂ ಈ ಕೆಲಸ ನಿಂತಿಲ್ಲ.

ಎಲ್ಲಿ ಗೆರೆ

ಇಷ್ಟೆಲ್ಲ ಜಾಣ್ಮೆಯ ಮೇಲೆ ಕಳ್ಳ ಪ್ರತಿಗಳ ವ್ಯಾಪಾರವೂ ಬೆಳೆಯಿತು ಎಂಬುದನ್ನು ಮರೆಮಾಚಬಾರದು. ಟೀಮ್ ಟ್ವೀಜರ್ಸ್ ಆರಂಭದಿಂದಲೂ ಕಳ್ಳ ಪ್ರತಿಗಳನ್ನು ವಿರೋಧಿಸಿತು. ಅವರ ಇನ್‌ಸ್ಟಾಲರ್ ಪರದೆಯ ಮೇಲೆ ಮೊದಲು ಬರುತ್ತಿದ್ದದ್ದು ಎಚ್ಚರಿಕೆ: ಈ ತಂತ್ರಾಂಶ ಮಾರಾಟಕ್ಕಿಲ್ಲ, ಇದಕ್ಕೆ ಹಣ ಕೊಟ್ಟಿದ್ದರೆ ನಿಮಗೆ ಮೋಸವಾಗಿದೆ. ನಿಂಟೆಂಡೊ ನಂತರದ ವರ್ಷಗಳಲ್ಲಿ ತಂದ ಕನ್ಸೋಲ್ ಸ್ವಿಚ್‌ಗೆ ಬೀಗ ಒಡೆಯುವ ಸಾಧನಗಳನ್ನು ಮಾರಿದ ಜಾಲದ ಒಬ್ಬ ಸದಸ್ಯನಿಗೆ 2022ರ ಫೆಬ್ರವರಿಯಲ್ಲಿ ಅಮೆರಿಕದ ನ್ಯಾಯಾಲಯ 40 ತಿಂಗಳ ಸೆರೆ ವಿಧಿಸಿತು.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಎರಡೂ ಬದಿ ಇವೆ. ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿದವರು, ಅದು ಹಾಳಾಗಬಹುದು ಅಥವಾ ಕಳೆದುಹೋಗಬಹುದು ಎಂಬ ಕಾರಣಕ್ಕೆ ತಾತ್ಕಾಲಿಕ ರಕ್ಷಣೆಯಾಗಿ ಬ್ಯಾಕಪ್ ಮಾಡಿಕೊಳ್ಳುವುದನ್ನು 52ನೇ ಕಲಮು ಉಲ್ಲಂಘನೆ ಎಂದು ಎಣಿಸುವುದಿಲ್ಲ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣಾ ತಂತ್ರ ಮುರಿದವರಿಗೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ ಹೇಳುತ್ತದೆ. ದುಡ್ಡು ಕೊಟ್ಟು ತಂದ ಡಿಸ್ಕನ್ನು ಕಾಪಾಡಿಕೊಳ್ಳುವುದು ಬೇರೆ, ಇನ್ನೊಬ್ಬರ ದುಡಿಮೆಯನ್ನು ಡ್ರೈವಿಗೆ ತುಂಬಿ ಮಾರುವುದು ಬೇರೆ. ಎರಡನ್ನೂ ಒಂದೇ ಎನ್ನುವುದು ಹವ್ಯಾಸಿಗಳಿಗೂ ಅನ್ಯಾಯ, ಗೇಮ್ ಬರೆದವರಿಗೂ ಅನ್ಯಾಯ.

ಉಳಿಸುವ ಲೆಕ್ಕ

ಈ ಕೆಲಸ ಯಾಕೆ ಮುಖ್ಯ ಎಂಬುದಕ್ಕೆ ಒಂದು ಸಂಖ್ಯೆ ಸಾಕು: 87. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ ಬಿಡುಗಡೆಯಾದ ಹಳೆಯ ಗೇಮುಗಳಲ್ಲಿ ನೂರಕ್ಕೆ 87 ಈಗ ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲ. ವೀಯ ಆನ್‌ಲೈನ್ ಅಂಗಡಿ 2019ರ ಜನವರಿ 30ರಂದು ಮುಚ್ಚಿತು. ಅದರಲ್ಲಿ ಮಾತ್ರ ಮಾರಾಟವಾಗುತ್ತಿದ್ದ, ಡಿಸ್ಕಿನ ರೂಪವೇ ಇಲ್ಲದ ಗೇಮುಗಳಿದ್ದವು. ಡಿಸ್ಕಾಗಿ ಬಂದವು ಬದುಕಿರುವುದು ಜನರ ಕಪಾಟುಗಳಲ್ಲಿ. ಪ್ಲಾಸ್ಟಿಕ್ಕಿಗೆ ಗೀರು ಬೀಳುತ್ತದೆ, ಪದರ ಹಾಳಾಗುತ್ತದೆ. ಇನ್ನೂ ಕಠಿಣವಾದ ಮಾತೆಂದರೆ, ಕಂಪ್ಯೂಟರಿನ ಬಹುಪಾಲು ಡಿವಿಡಿ ಡ್ರೈವ್‌ಗಳಿಗೆ ವೀ ಡಿಸ್ಕ್ ಓದಲು ಬರುವುದಿಲ್ಲ. ಓದಬಲ್ಲದ್ದು ವೀಯ ಡ್ರೈವ್, ಅದಕ್ಕೂ ವಯಸ್ಸಾಗುತ್ತಿದೆ.

‘ಕ್ಲೀನ್‌ರಿಪ್’ ಎಂಬ ಹೋಂಬ್ರೂ ತಂತ್ರಾಂಶ ವೀಯ ಡ್ರೈವಿನಿಂದಲೇ ಡಿಸ್ಕನ್ನು ಪೂರ್ತಿ ಓದಿಸಿ ಯುಎಸ್‌ಬಿ ಡ್ರೈವಿಗೆ ಇಳಿಸುತ್ತದೆ, ಕೊನೆಯಲ್ಲಿ ಅದರ ಎಸ್‌ಎಚ್‌ಎ-1 ಹ್ಯಾಶ್ ಲೆಕ್ಕ ಹಾಕುತ್ತದೆ. ಅದೇ 20 ಬೈಟ್. ಮೂರೂಮುಕ್ಕಾಲು ಸಾವಿರ ಕೋಟಿ ಬಿಟ್‌ಗಳಲ್ಲಿ ಒಂದೇ ಒಂದು ಬಿಟ್ ತಪ್ಪಿದ್ದರೆ ಹ್ಯಾಶಿನ 160 ಬಿಟ್‌ಗಳಲ್ಲಿ ಸರಾಸರಿ ಅರ್ಧದಷ್ಟು ಬದಲಾಗುತ್ತವೆ. ಅರ್ಧಕ್ಕೆ ನಿಂತ ಹೋಲಿಕೆಯಿಂದ ಕಾವಲಿನಲ್ಲಿ ಸೋತ ಲೆಕ್ಕವೇ ಇಪ್ಪತ್ತೂ ಬೈಟ್ ಪೂರ್ತಿ ಹೋಲಿಸುವವರ ಕೈಯಲ್ಲಿ ನಂಬಿಕಸ್ಥ ಸಾಕ್ಷಿಯಾಗಿದೆ.

ನಿಮ್ಮ ಮನೆಯಲ್ಲಿ ವೀ ಇದ್ದರೆ, ನೀವು ಕೊಂಡ ಡಿಸ್ಕುಗಳಿದ್ದರೆ, ಡ್ರೈವ್ ಇನ್ನೂ ಓದುತ್ತಿರುವಾಗಲೇ ಅವನ್ನು ಇಳಿಸಿಕೊಳ್ಳಿ. ಒಂದು ಪ್ರತಿ ಒಂದು ಡ್ರೈವಿನಲ್ಲಿ, ಇನ್ನೊಂದು ಪ್ರತಿ ಬೇರೆ ಡ್ರೈವಿನಲ್ಲಿ ಇರಲಿ. ಹ್ಯಾಶನ್ನು ಬರೆದಿಟ್ಟುಕೊಂಡು ಆಗಾಗ ತಾಳೆ ನೋಡಿ. ಪ್ರತಿಯನ್ನು ಯಾರಿಗೂ ಮಾರಬೇಡಿ, ಹಂಚಬೇಡಿ. ಮೂಲ ಡಿಸ್ಕನ್ನು ಜೋಪಾನವಾಗಿಡಿ. ಒಂದು ಟೆರಾಬೈಟಿನಲ್ಲಿ 212 ಡಿಸ್ಕುಗಳಿಗೆ ಜಾಗವಿದೆ. ಇಳಿಸುವ ಮೊದಲೇ ಹಾಳಾದ ಡಿಸ್ಕನ್ನು ಯಾವ ಡ್ರೈವೂ ಮರಳಿ ಕೊಡಲಾರದು.